ಒಂದೇ ಜಿಲ್ಲೆ, ಮೂರು ಊರು, ಎರಡು ರಾಜ್ಯದ ಲೆಕ್ಕ

2025-26ರ ಸಾಲಿಗೆ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ಮಹಾರಾಷ್ಟ್ರಕ್ಕೆ 312. ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಇರುವ ದಾರಿ ಹೆಚ್ಚೆಂದರೆ ಹದಿನೈದು ಕಿಲೋಮೀಟರ್. ಎರಡೂ ಊರಿಗೆ ಹಿರಣ್ಯಕೇಶಿಯದೇ ನೀರು, ಎರಡೂ ಕಡೆ ಅದೇ ಕಬ್ಬು, ಅದೇ ಮೆಣಸಿನಕಾಯಿ, ಅದೇ ಬಿಸಿಲು. ಕೆರೆಯ ಹೂಳು ಎತ್ತಿದ ಕೈಗೆ ಮಾತ್ರ ಗಡಿಯ ಈಚೆ ದಿನಕ್ಕೆ 58 ರೂಪಾಯಿ ಹೆಚ್ಚು.

ಉದ್ಯೋಗ ಖಾತರಿ ಎಂಬ ಯೋಜನೆ ಮೊದಲು ಹುಟ್ಟಿದ್ದೇ ಮಹಾರಾಷ್ಟ್ರದಲ್ಲಿ, 1970ರ ದಶಕದ ಬರಗಾಲದಲ್ಲಿ. ದೇಶವೆಲ್ಲ ಅದನ್ನು ಅನುಸರಿಸಿದ ಮೇಲೆ, 2011ರ ಹೊತ್ತಿಗೆ, ಅಲ್ಲಿನ ಕೂಲಿ 127 ರೂಪಾಯಿ ಇದ್ದರೆ ಕರ್ನಾಟಕದ್ದು 125. ಎರಡು ರೂಪಾಯಿ ಮುಂದಿದ್ದ ರಾಜ್ಯ ಹದಿನಾಲ್ಕು ವರ್ಷಗಳಲ್ಲಿ 58 ರೂಪಾಯಿ ಹಿಂದೆ ಬಿತ್ತು. ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ಏರಿದಂತೆ ಆಯಾ ರಾಜ್ಯದ ಕೂಲಿಯನ್ನು ಏರಿಸುತ್ತ ಬಂದರು. ಆದರೆ ರಾಜ್ಯದ ಸರಾಸರಿ ಸೂಚ್ಯಂಕ ಗಡಿಯ ಹಳ್ಳಿಯ ಸಂತೆಯ ದರವನ್ನು ಹೇಳುವುದಿಲ್ಲ. ಜೋಳದ ಬೆಲೆ ಸಂಕೇಶ್ವರದಲ್ಲೂ ಗಡಹಿಂಗ್ಲಜದಲ್ಲೂ ಹೆಚ್ಚುಕಡಿಮೆ ಒಂದೇ. ಕೂಲಿಯ ದರ ಒಂದೇ ಅಲ್ಲ.

ಕೂಲಿ ಜಾಸ್ತಿ ಇರುವ ಕಡೆ ಬದುಕು ಸುಲಭ ಎಂದು ಇಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಮನೆ ನಡೆಸುವ ಖರ್ಚು, ಮಕ್ಕಳ ಓದು, ದುಡಿಮೆ, ಈ ಮೂರರ ತಕ್ಕಡಿ ಗಡಿಭಾಗದಲ್ಲಿ ಊರಿಗೊಂದು ರೀತಿ ತೂಗುತ್ತದೆ. ಕೊಲ್ಹಾಪುರ ಜಿಲ್ಲೆಯ ಮೂರು ಊರುಗಳನ್ನು, ಅಂದರೆ ಕೊಲ್ಹಾಪುರ, ಇಚಲಕರಂಜಿ ಮತ್ತು ಗಡಹಿಂಗ್ಲಜವನ್ನು, ಪಕ್ಕಪಕ್ಕ ಇಟ್ಟು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಮೂರರಲ್ಲೂ ಕನ್ನಡ ಮಾತಾಡುವ ಮನೆಗಳಿವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಮೂರೂ ಕಡೆಗೆ ಹೋಗಿ ನೆಲೆಸಿದವರಿದ್ದಾರೆ. ಹೋದವರು ಹೋಗುವ ಮುನ್ನ ಹಾಕಿದ ಲೆಕ್ಕವೇ ಈ ಲೇಖನದ ವಿಷಯ.

ಬದುಕಿನ ವೆಚ್ಚಕ್ಕೆ ಸರ್ಕಾರದ್ದೇ ಒಂದು ಅಳತೆಗೋಲಿದೆ. ಕೇಂದ್ರ ನೌಕರರ ಮನೆಬಾಡಿಗೆ ಭತ್ಯೆಗಾಗಿ ಊರುಗಳನ್ನು ಎಕ್ಸ್, ವೈ, ಝಡ್ ಎಂದು ವಿಂಗಡಿಸಿದ್ದಾರೆ. ಐದು ಲಕ್ಷ ಜನಸಂಖ್ಯೆ ದಾಟಿದ ಊರು ವೈ ದರ್ಜೆಗೆ ಬರುತ್ತದೆ. 2011ರ ಜನಗಣತಿಯಲ್ಲಿ ಕೊಲ್ಹಾಪುರ ನಗರದ ಜನ 5,49,236. ಆದ್ದರಿಂದ ಅದು ವೈ. ಬೆಳಗಾವಿಯೂ ವೈ. ಅದೇ ಜನಗಣತಿಯಲ್ಲಿ 2,87,353 ಜನರಿದ್ದ ಇಚಲಕರಂಜಿ ಝಡ್, 30 ಸಾವಿರದೊಳಗಿದ್ದ ಗಡಹಿಂಗ್ಲಜವೂ ಝಡ್. 2024ರ ಜನವರಿಯಿಂದ ವೈ ಊರಿನ ಭತ್ಯೆ ಮೂಲವೇತನದ ಶೇ 20, ಝಡ್ ಊರಿನದು ಶೇ 10. 40,000 ರೂಪಾಯಿ ಮೂಲವೇತನದ ಅಂಚೆ ನೌಕರರೊಬ್ಬರು ಕೊಲ್ಹಾಪುರದಲ್ಲಿದ್ದರೆ ಬಾಡಿಗೆಗೆ 8,000, ಮೂವತ್ತು ಕಿಲೋಮೀಟರ್ ಆಚೆಯ ಇಚಲಕರಂಜಿಗೆ ವರ್ಗವಾದರೆ 4,000.

ಸುಮಾರು ಮೂರು ಲಕ್ಷ ಜನರ ಕೈಗಾರಿಕಾ ಊರು ಮತ್ತು 30 ಸಾವಿರ ಮುಟ್ಟದ ತಾಲೂಕು ಕೇಂದ್ರ, ಎರಡನ್ನೂ ಒಂದೇ ಗೂಟಕ್ಕೆ ಕಟ್ಟುವ ಈ ಅಳತೆ ಒರಟು. ಬಾಡಿಗೆಯನ್ನಾದರೂ ಅಂದಾಜಿಗೆ ತರುತ್ತದೆ. ನೀರು, ಶಾಲೆ, ಬಸ್ಸು, ಆಸ್ಪತ್ರೆ ಅದರ ಕಣ್ಣಿಗೆ ಬೀಳುವುದಿಲ್ಲ.

ಮೂರರಲ್ಲಿ ತುಟ್ಟಿಯ ಊರು ಕೊಲ್ಹಾಪುರ. ತುಟ್ಟಿಯಾದರೂ ಜನ ಯಾಕೆ ಅಲ್ಲಿಗೇ ಹೋಗುತ್ತಾರೆ ಎಂಬುದಕ್ಕೆ ಉತ್ತರ ನೂರು ವರ್ಷಕ್ಕಿಂತ ಹಿಂದಿದೆ. ಕಾಗಲ್‌ನ ಘಾಟಗೆ ಮನೆತನದಲ್ಲಿ 1874ರಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಮನೆತನಕ್ಕೆ ದತ್ತು ಹೋಗಿ, 1894ರಲ್ಲಿ ಅಧಿಕಾರ ಹಿಡಿದ ಶಾಹೂ ಮಹಾರಾಜರು 1902ರ ಜುಲೈ 26ರಂದು ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದ ಸಮುದಾಯಗಳಿಗೆ ಮೀಸಲಿಟ್ಟರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಅದೇ ಕಾಲದಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ಬದುಕಿನ ವೆಚ್ಚಕ್ಕೆ ನೇರ ಸಂಬಂಧಪಟ್ಟದ್ದು. ಹಳ್ಳಿಯ ಹುಡುಗ ಪೇಟೆಯಲ್ಲಿ ಓದಲಾರದೆ ಹೋಗುವುದು ಶಾಲೆಯ ಶುಲ್ಕದಿಂದಲ್ಲ, ಊಟ ಮತ್ತು ವಸತಿಯಿಂದ ಎಂಬುದನ್ನು ಅವರು ಕಂಡುಕೊಂಡಿದ್ದರು. ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ದಲಿತರಿಗೆ ಒಂದೊಂದಾಗಿ ಬೋರ್ಡಿಂಗ್‌ಗಳು ಎದ್ದವು. ಜೈನ ಮತ್ತು ಲಿಂಗಾಯತ ಬೋರ್ಡಿಂಗ್‌ಗಳ ಬಾಗಿಲು ಕನ್ನಡ ಸೀಮೆಯ ಹುಡುಗರಿಗೂ ಕೊಲ್ಹಾಪುರದ ಬಾಗಿಲಾಯಿತು. ಆಗ ನಡುವೆ ಇಂದಿನ ರಾಜ್ಯಗಡಿಯೂ ಇರಲಿಲ್ಲ; ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದ ಭಾಗ.

ಓದುವವರು ಬಂದ ಹಾಗೆ ಓದಿಸುವವರೂ ಬಂದರು. 1880ರ ರಾಜಾರಾಮ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ಕೆ.ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಪಾದಿಸಿ 1939ರಲ್ಲಿ ಪ್ರಕಟಿಸಿದರು. 1961ರ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸದಲಗಾದ ಆ.ನೇ. ಉಪಾಧ್ಯೆ ಅದೇ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದು, 1967ರ ಶ್ರವಣಬೆಳಗೊಳ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ವಿ.ಕೃ. ಗೋಕಾಕರು ಅಲ್ಲಿ ಪ್ರಾಂಶುಪಾಲರಾಗಿದ್ದರು. ಇಷ್ಟು ದೊಡ್ಡ ಕನ್ನಡ ವಿದ್ವಾಂಸರಿಗೆ ಸಂಬಳ ಕೊಟ್ಟ ಊರು ಅದು. ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' 1934ರಲ್ಲಿ ತೆರೆಗೆ ಬಂತಲ್ಲ, ಅದರ ಚಿತ್ರೀಕರಣ ನಡೆದದ್ದೂ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಬೆಂಗಳೂರಿನಲ್ಲಿ ಆಗ ಟಾಕಿ ತೆಗೆಯುವ ಸ್ಟುಡಿಯೋ ಇರಲಿಲ್ಲ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಅದಕ್ಕಾಗಿ ಅಲ್ಲಿಗೆ ಹೋದರು.

ಇಂದಿನ ಕೊಲ್ಹಾಪುರದ ದುಡಿಮೆ ಎರಕದ ಕಾರ್ಖಾನೆಗಳದು. ಶಿವಾಜಿ ಉದ್ಯಮನಗರದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಆಯಿಲ್ ಎಂಜಿನ್ ತಯಾರಿಸುವುದರಿಂದ ಶುರುವಾದ ಕಸುಬು ಶಿರೋಲಿ, ಗೋಕುಳ ಶಿರಗಾವ್ ಕೈಗಾರಿಕಾ ಪ್ರದೇಶಗಳಿಗೆ ಹಬ್ಬಿತು. ಬಳಿಕ ಕಾಗಲ್–ಹಾತಕಣಂಗಲೆ ಪಂಚತಾರಾ ಎಂಐಡಿಸಿ ಬಂತು. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ನ ದೊಡ್ಡ ಘಟಕ, ರೇಮಂಡ್‌ನ ನೂಲು-ಬಟ್ಟೆ ಘಟಕ ಇರುವುದು ಕಾಗಲ್ ಸೀಮೆಯಲ್ಲೇ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಾಗಿ ಆರಂಭವಾದ ಕಿರ್ಲೋಸ್ಕರ್ ಉದ್ದಿಮೆ 1910ರಲ್ಲಿ ಕುಂಡಲ್ ಪಕ್ಕದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿಯಾಗಿತ್ತು. ಕೆಲಸದ ಹಿಂದೆ ಜನ ಹೋಗುವುದು ಈ ಭಾಗದಲ್ಲಿ ಹೊಸದೇನಲ್ಲ. ರಾಷ್ಟ್ರೀಯ ಹೆದ್ದಾರಿಯ ಕೊಗನೊಳ್ಳಿ ದಾಟಿದರೆ ಕಾಗಲ್. ನಿಪ್ಪಾಣಿ ಕಡೆಯ ತರುಣನಿಗೆ ಬೆಳಗಾವಿಯ ಉದ್ಯಮಬಾಗಕ್ಕಿಂತ ಕಾಗಲ್‌ನ ಪಾಳಿಯೇ ಹತ್ತಿರ. ಅವನು ದುಡಿಯುವುದು ಮಹಾರಾಷ್ಟ್ರದಲ್ಲಿ, ಮನೆಯ ವಿದ್ಯುತ್ ಬಿಲ್ಲು ಕರ್ನಾಟಕದಲ್ಲಿ. ಈ ಜೋಡಣೆಯ ಅನುಕೂಲ ಏನೆಂಬುದು ಮುಂದೆ ಬರುತ್ತದೆ.

ಓದಿನ ವಿಷಯದಲ್ಲಿ ಕೊಲ್ಹಾಪುರ ಮತ್ತು ಬೆಳಗಾವಿ ಒಂದನ್ನೊಂದು ತುಂಬುವ ಊರುಗಳು. ಶಿವಾಜಿ ವಿಶ್ವವಿದ್ಯಾಲಯ 1962ರ ನವೆಂಬರ್ 18ರಂದು ಆರಂಭವಾಯಿತು. ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸಿಗಲು 2010ರವರೆಗೆ ಕಾಯಬೇಕಾಯಿತು. ವೈದ್ಯಕೀಯ ಶಿಕ್ಷಣದಲ್ಲಿ ಚಿತ್ರ ತಿರುಗುಮುರುಗು. ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಬೆಳಗಾವಿಯಲ್ಲಿ 1963ರಲ್ಲೇ ಇತ್ತು, ಕೊಲ್ಹಾಪುರಕ್ಕೆ ಡಿ.ವೈ. ಪಾಟೀಲ ವೈದ್ಯಕೀಯ ಕಾಲೇಜು ಬಂದದ್ದು 1989ರಲ್ಲಿ. ಗಡಹಿಂಗ್ಲಜ, ಚಂದಗಡ ಕಡೆಯ ರೋಗಿಗಳು ಇಂದಿಗೂ ಬೆಳಗಾವಿಯ ದಾರಿ ಹಿಡಿಯುವುದಕ್ಕೆ ಈ ಕಾಲು ಶತಮಾನದ ಅಂತರವೂ ಒಂದು ಕಾರಣ. ಎಂಜಿನಿಯರಿಂಗ್‌ನಲ್ಲಿ ಬೆಳಗಾವಿಯ ಗೋಗಟೆ ಕಾಲೇಜು 1979ರದು, ಕೊಲ್ಹಾಪುರದ ಕೆಐಟಿ 1983ರದು. ಅದೇ ವರ್ಷ ಮುಖ್ಯಮಂತ್ರಿ ವಸಂತದಾದಾ ಪಾಟೀಲರು ಅನುದಾನರಹಿತ ಕಾಲೇಜುಗಳಿಗೆ ಅನುಮತಿ ಕೊಟ್ಟಿದ್ದರು. ಅಲ್ಲಿಂದ ಮುಂದೆ ಪಶ್ಚಿಮ ಮಹಾರಾಷ್ಟ್ರದ ಸಕ್ಕರೆ ಸೀಮೆಯಲ್ಲಿ ಕಾಲೇಜುಗಳು ಸಾಲುಸಾಲಾಗಿ ಎದ್ದವು.

2024-25ರಿಂದ ಇನ್ನೊಂದು ಬದಲಾವಣೆ. ವರ್ಷಕ್ಕೆ 8 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯದ ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ವರ್ಗದ ಮನೆಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕವನ್ನು ಮಹಾರಾಷ್ಟ್ರ ಪೂರ್ತಿ ಮನ್ನಾ ಮಾಡಿತು. ಎಂಜಿನಿಯರಿಂಗ್ ಓದುವ ಮಗಳಿರುವ ಗಡಹಿಂಗ್ಲಜದ ರೈತನ ಮನೆಗೆ ಇದು ತಿಂಗಳ ಸಾವಿರ-ಎರಡು ಸಾವಿರದ ಭಾಗ್ಯಗಳಿಗಿಂತ ತೂಕದ ಮಾತು.

ಇಚಲಕರಂಜಿಗೆ ಹೋದರೆ ಲೆಕ್ಕದ ಘಟಕವೇ ಬದಲಾಗುತ್ತದೆ. ಇಲ್ಲಿ ಕೂಲಿ ದಿನಕ್ಕಲ್ಲ, ಮೀಟರಿಗೆ.

ವಿಠ್ಠಲರಾವ್ ದಾತಾರ ಎಂಬವರು ಈ ಊರಿಗೆ ಮೊದಲ ವಿದ್ಯುತ್ ಮಗ್ಗ ತಂದದ್ದು 1904ರಲ್ಲಿ. ಜಹಗೀರುದಾರ ನಾರಾಯಣರಾವ್ ಘೋರ್ಪಡೆಯವರ ಒತ್ತಾಸೆ ಅದಕ್ಕಿತ್ತು. ಈಗ ಇಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಗ್ಗಗಳಿವೆ. 'ಮಹಾರಾಷ್ಟ್ರದ ಮ್ಯಾಂಚೆಸ್ಟರ್' ಎಂಬ ಹೆಸರು ಹಳೆಯದು. ನೂಲು ಸೈಜಿಂಗ್‌ಗೆ ಹೋಗಿ, ಬೀಮಿಗೆ ಸುತ್ತಿಸಿಕೊಂಡು, ಮಗ್ಗಕ್ಕೆ ಏರುತ್ತದೆ. ನೇಯ್ದ ಬಟ್ಟೆಯ ಒಂದು ಅಂಗುಲದಲ್ಲಿ ಎಷ್ಟು ಅಡ್ಡ ಎಳೆ ಕೂತಿವೆ ಎಂಬುದು 'ಪಿಕ್'. ಪಿಕ್ ಎಷ್ಟು, ಮೀಟರ್ ಎಷ್ಟು ಎಂಬುದರ ಮೇಲೆ ಪೈಸೆಗಳಲ್ಲಿ ಮಜೂರಿ ನಿಗದಿ. ಒಬ್ಬ ಕಾರ್ಮಿಕ ಏಕಕಾಲಕ್ಕೆ ಹಲವು ಮಗ್ಗ ನೋಡಿಕೊಳ್ಳುತ್ತಾನೆ. ಪಾಳಿ ಹನ್ನೆರಡು ತಾಸಿನದು. ಕರೆಂಟು ಹೋದರೆ, ನೂಲು ಕಳಪೆಯಾಗಿ ಎಳೆ ಹರಿಯುತ್ತಿದ್ದರೆ, ಬೀಮು ತಡವಾಗಿ ಬಂದರೆ, ಅವನ ಸಂಪಾದನೆ ಅಷ್ಟಷ್ಟು ಕಡಿಮೆ. ಅದರಲ್ಲಿ ಅವನ ತಪ್ಪು ಏನೂ ಇರುವುದಿಲ್ಲ.

ಮಾಲೀಕರಲ್ಲೂ ಎರಡು ತೆರ. ಸ್ವಂತ ನೂಲು ಕೊಂಡು ನೇಯಿಸಿ ಮಾರುವವರು ಒಂದು ಕಡೆ. ವ್ಯಾಪಾರಿಯಿಂದ ನೂಲು ಪಡೆದು, ನೇಯ್ದು ಕೊಟ್ಟು, ಕೂಲಿ ತೆಗೆದುಕೊಳ್ಳುವ 'ಖರ್ಚಿವಾಲಾ'ಗಳು ಇನ್ನೊಂದು ಕಡೆ. ಕೆಲವೇ ಮಗ್ಗಗಳ ಖರ್ಚಿವಾಲಾನ ಸ್ಥಿತಿಗೂ ಅವನ ಕಾರ್ಮಿಕನ ಸ್ಥಿತಿಗೂ ಬಹಳ ದೂರವಿಲ್ಲ. ಹತ್ತಿಯ ದರ ಏರಿದರೂ ಇಳಿದರೂ ಏಟು ಮೊದಲು ಬೀಳುವುದು ಈ ಇಬ್ಬರಿಗೆ. 2013ರ ಆರಂಭದಲ್ಲಿ ಮಜೂರಿ ಹೆಚ್ಚಳಕ್ಕಾಗಿ ಇಲ್ಲಿನ ಕಾರ್ಮಿಕರು ವಾರಗಟ್ಟಲೆ ಮಗ್ಗ ನಿಲ್ಲಿಸಿದ್ದರು. ಅವರು ಹೋರಾಡಿದ್ದು ಮೀಟರಿಗೆ ಕೆಲವು ಪೈಸೆಗಳ ಏರಿಕೆಗಾಗಿ.

ಹೀಗಿದ್ದೂ ಜನ ಯಾಕೆ ಬರುತ್ತಾರೆ? ಕೆಲಸ ಸಿಗುತ್ತದೆ, ಕೂಡಲೇ ಸಿಗುತ್ತದೆ ಎಂಬುದೇ ಉತ್ತರ. ಓದು ಕೇಳುವುದಿಲ್ಲ, ಶಿಫಾರಸು ಬೇಕಿಲ್ಲ. ಒಣಬೇಸಾಯದ ವಿಜಯಪುರ, ಬಾಗಲಕೋಟೆ ಹಳ್ಳಿಗಳಿಂದ ಬಂದವರು ಮೊದಲು ಪರಿಚಯದವರ ಕೋಣೆಯಲ್ಲಿ ಉಳಿದು, ಮಗ್ಗ ಕಲಿತು, ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಾರೆ. ಹೆಂಗಸರಿಗೆ ಕಂಡಿಕೆ ಸುತ್ತುವ, ಬಟ್ಟೆ ಮಡಚುವ ಕೆಲಸ ಇದ್ದೇ ಇದೆ. ಉತ್ತರ ಪ್ರದೇಶ, ಬಿಹಾರದಿಂದ ಬಂದವರೂ, ತೆಲುಗು ಮಾತಾಡುವ ಪದ್ಮಶಾಲಿ ನೇಕಾರರೂ ಅದೇ ಓಣಿಗಳಲ್ಲಿದ್ದಾರೆ. ಮಗ್ಗದ ಸದ್ದಿನ ನಡುವೆ ಮರಾಠಿ, ಕನ್ನಡ, ತೆಲುಗು, ಹಿಂದಿ ಒಟ್ಟಿಗೇ ನಡೆಯುತ್ತವೆ. ಕನ್ನಡದ ನೇಕಾರನಿಗೆ ಈಗ ತನ್ನ ರಾಜ್ಯದಲ್ಲೂ ಒಂದು ಆಕರ್ಷಣೆ ಇದೆ: 10 ಅಶ್ವಶಕ್ತಿವರೆಗಿನ ವಿದ್ಯುತ್ ಮಗ್ಗಗಳಿಗೆ ಮಿತಿಯೊಳಗಿನ ಬಳಕೆಗೆ ಕರ್ನಾಟಕ ಸರ್ಕಾರ 2023ರಿಂದ ಉಚಿತ ವಿದ್ಯುತ್ ಕೊಡುತ್ತಿದೆ. ರಬಕವಿ-ಬನಹಟ್ಟಿಯಲ್ಲಿ ಸ್ವಂತ ಮಗ್ಗ ಇದ್ದವನಿಗೆ ಅದು ಅನುಕೂಲ. ಮಗ್ಗವೇ ಇಲ್ಲದೆ ಕೈಯೊಂದನ್ನೇ ನಂಬಿ ಬಂದವನಿಗೆ ಅದರಿಂದ ಏನೂ ಇಲ್ಲ. ಅವನು ಇಚಲಕರಂಜಿಯಲ್ಲೇ ಉಳಿಯುತ್ತಾನೆ.

ಇಲ್ಲಿನ ಬದುಕಿನ ವೆಚ್ಚದಲ್ಲಿ ಯಾವ ಸೂಚ್ಯಂಕದಲ್ಲೂ ಕಾಣದ ಬಾಬ್ತು ನೀರು. ಪಂಚಗಂಗೆ ಕೊಲ್ಹಾಪುರದ ಕೊಳೆಯನ್ನೂ ಹೊತ್ತು ಇಚಲಕರಂಜಿಗೆ ಬರುತ್ತದೆ, ಇಲ್ಲಿನ ಬಣ್ಣದ ನೀರು ಅದಕ್ಕೆ ಸೇರುತ್ತದೆ. 2012ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಹಬ್ಬಿದ ಕಾಮಾಲೆ ಜೀವಗಳನ್ನೇ ತೆಗೆದುಕೊಂಡಿತು. ಕೃಷ್ಣೆಯ ನೀರು ಸಾಲದೆ, ದೂಧಗಂಗಾ ನದಿಯಿಂದ ಸುಳಕೂಡದಲ್ಲಿ ನೀರೆತ್ತುವ ಯೋಜನೆ ರೂಪಿಸಿದರೆ ಕಾಗಲ್ ತಾಲೂಕಿನ ರೈತರು ಎದ್ದು ನಿಂತರು. ಅವರ ಆತಂಕವೂ ಸುಳ್ಳಲ್ಲ. ಆ ನದಿಯನ್ನೇ ನಂಬಿ ಕಬ್ಬು ಹಾಕಿದವರು ಅವರು, ಅವರ ಕೆಳಗೆ ಕರ್ನಾಟಕದ ರೈತರೂ ಇದ್ದಾರೆ. ಅದೇ ದೂಧಗಂಗೆಯ ಕಾಳಮ್ಮವಾಡಿ ಜಲಾಶಯದಿಂದ ಕೊಲ್ಹಾಪುರ ನಗರಕ್ಕೆ ನೇರ ಕೊಳವೆಯಲ್ಲಿ ನೀರು 2023ರ ನವೆಂಬರಿನಲ್ಲಿ ಬಂತು. ವೈ ದರ್ಜೆಯ ಊರಿಗೆ ನೀರು ಸಿಕ್ಕಿತು, ಝಡ್ ದರ್ಜೆಯ ಊರು ಕೊಡ ಹಿಡಿದು ಸರದಿಯಲ್ಲಿದೆ. ನಲ್ಲಿಗೆ ನೀರು ಬಾರದ ದಿನ ಕೊಂಡು ತರುವ ನೀರಿನ ಹಣ, ಕಾಯುತ್ತ ಕಳೆದ ಅರ್ಧ ಪಾಳಿಯ ಮಜೂರಿ, ಎರಡನ್ನೂ ಕೂಡಿಸಿದರೆ ಇಚಲಕರಂಜಿಯ ಅಗ್ಗದ ಬಾಡಿಗೆ ಅಷ್ಟೇನೂ ಅಗ್ಗವಲ್ಲ. 2022ರಲ್ಲಿ ಊರು ಮಹಾನಗರಪಾಲಿಕೆಯಾಯಿತು. ನೀರಿನ ಪ್ರಶ್ನೆ ಅದರೊಂದಿಗೆ ಬಗೆಹರಿಯಲಿಲ್ಲ.

ಇದೇ ಊರಿನಲ್ಲಿ 1982ರಲ್ಲಿ ಸ್ಥಾಪನೆಯಾದ ಡಿಕೆಟಿಇ ಜವಳಿ ಎಂಜಿನಿಯರಿಂಗ್ ಸಂಸ್ಥೆ ಇದೆ. ಜವಳಿ ತಂತ್ರಜ್ಞಾನ ಕಲಿಯಲು ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಮಗ್ಗದ ಓಣಿಯ ಮಗು ಅಲ್ಲಿಗೆ ಮುಟ್ಟಬೇಕಾದರೆ ಹತ್ತನೆಯ ತರಗತಿಯನ್ನೂ ಗಣಿತವನ್ನೂ ದಾಟಬೇಕು. ವಲಸೆ ಬಂದ ಕುಟುಂಬದಲ್ಲಿ ಮಗು ಅರ್ಧ ಕನ್ನಡ ಶಾಲೆ, ಅರ್ಧ ಮರಾಠಿ ಶಾಲೆ ಓದಿ ಎರಡೂ ಕಡೆ ಹಿಂದೆ ಬೀಳುವುದು ಸಾಮಾನ್ಯ. ಶಾಹೂ ಮಹಾರಾಜರ ಬೋರ್ಡಿಂಗ್‌ನಂಥದ್ದು ಇಂದು ಬೇಕಾಗಿರುವುದು ಇಲ್ಲಿ.

ಗಡಹಿಂಗ್ಲಜ ಮೂರರಲ್ಲಿ ಚಿಕ್ಕದು, ಬಾಡಿಗೆ ಕಡಿಮೆ, ಬದುಕು ನಿಧಾನ. ಕೊಲ್ಹಾಪುರಕ್ಕೆ ಎಪ್ಪತ್ತು ಕಿಲೋಮೀಟರ್ ಹೋಗಬೇಕು, ಬೆಳಗಾವಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ರೈಲಿಲ್ಲ. ಸಂಕೇಶ್ವರಿ ಮೆಣಸಿನಕಾಯಿಯ ಪೇಟೆ, ಫುಟ್‌ಬಾಲ್ ಹುಚ್ಚು, ಡಾ. ಘಾಳಿ ಕಾಲೇಜು, ಹರಳಿಯ ಸಹಕಾರಿ ಸಕ್ಕರೆ ಕಾರ್ಖಾನೆ. ಪೂರ್ವದ ನೂಲ, ಹಲಕರ್ಣಿ, ಹೆಬ್ಬಾಳ ಸೀಮೆಯಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಎರಡನ್ನೂ ಜನ ತೊಡಕಿಲ್ಲದೆ ಆಡುತ್ತಾರೆ.

ಇಲ್ಲಿ ದೊಡ್ಡ ನೌಕರಿ ಎಂದರೆ ಹೊಲ, ಅದಾದ ಮೇಲೆ ಸೈನ್ಯ ಮತ್ತು ಪೊಲೀಸ್. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ ಇರುವುದು ಬೆಳಗಾವಿಯಲ್ಲಿ. ಈ ಭಾಗದ ಹುಡುಗರಿಗೆ ಅದೂ ಒಂದು ದಾರಿ. ಹೊಲದಲ್ಲಿ ಕಬ್ಬು ಇದ್ದವನ ಲೆಕ್ಕ ಇನ್ನೂ ವಿವರಕ್ಕೆ ತಕ್ಕದ್ದು. 2025-26ರ ಹಂಗಾಮಿಗೆ ಕೇಂದ್ರದ ನ್ಯಾಯಯುತ ಮತ್ತು ಲಾಭದಾಯಕ ದರ ಕ್ವಿಂಟಲ್‌ಗೆ 355 ರೂಪಾಯಿ, ಶೇ 10.25 ಸಕ್ಕರೆ ಇಳುವರಿಗೆ. ಅದರ ಮೇಲೆ ಪ್ರತಿ ಶೇ 0.1ಕ್ಕೆ 3 ರೂಪಾಯಿ 46 ಪೈಸೆ ಹೆಚ್ಚು. ಕಾರ್ಖಾನೆಯ ಇಳುವರಿ ಶೇ 12.25 ಇದ್ದರೆ ಟನ್ನಿನ ದರ 4,242 ರೂಪಾಯಿಗೆ ಏರುತ್ತದೆ. ಕಟಾವು ಮತ್ತು ಸಾಗಣೆ ಕಳೆದು ಉಳಿದದ್ದು ರೈತನ ಕೈಗೆ. ಕೊಲ್ಹಾಪುರ ಸೀಮೆಯ ಕಬ್ಬಿಗೆ ಹೆಚ್ಚು ಇಳುವರಿಯ ಹೆಸರಿದೆ. ಅದರ ಜೊತೆಗೆ ರೈತ ಸಂಘಟನೆಯ ಬಲವೂ ಇದೆ. ರಾಜು ಶೆಟ್ಟಿಯವರ ಸ್ವಾಭಿಮಾನಿ ಶೇತಕರಿ ಸಂಘಟನೆ ಪ್ರತಿ ಹಂಗಾಮಿಗೂ ಜಯಸಿಂಗಪುರದಲ್ಲಿ ಕಬ್ಬು ಪರಿಷತ್ತು ಸೇರಿಸಿ ತನ್ನ ಬೇಡಿಕೆಯ ದರವನ್ನು ಕೂಗಿ ಹೇಳುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ಕೇಳಿ ಕೂತಾಗ ಅವರು ಬೆರಳು ತೋರಿಸಿದ್ದು ಮಹಾರಾಷ್ಟ್ರದ ಕಡೆಗೇ. ಸರ್ಕಾರ ಮಧ್ಯೆ ಬಂದು 3,300ಕ್ಕೆ ಒಪ್ಪಿಸಿತು. ಒಂದು ಕಡೆಯ ದರ ಇನ್ನೊಂದು ಕಡೆಯ ಹೋರಾಟಕ್ಕೆ ಸಾಕ್ಷಿಯಾಗುವುದು ಗಡಿಭಾಗದ ರೈತರಿಗೆ ಸಿಕ್ಕಿರುವ ಒಂದು ಲಾಭ.

ಇನ್ನು ಮನೆಯ ಖರ್ಚು. ಅಕ್ಕನನ್ನು ಸಂಕೇಶ್ವರಕ್ಕೆ, ತಂಗಿಯನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಇಲ್ಲಿ ಬೀಗತನಕ್ಕೆ ಗಡಿ ಅಡ್ಡಬಂದದ್ದಿಲ್ಲ, ಇಂಥ ಮನೆಗಳು ಬೇಕಾದಷ್ಟಿವೆ. ಅಕ್ಕನಿಗೆ 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ, ಮನೆಗೆ 200 ಯೂನಿಟ್‌ವರೆಗೆ ಗೃಹಜ್ಯೋತಿ, 2023ರ ಜೂನ್ 11ರಿಂದ ರಾಜ್ಯದೊಳಗೆ ಸರ್ಕಾರಿ ಬಸ್ಸಿನ ಉಚಿತ ಪ್ರಯಾಣ. ತಂಗಿಗೆ 2024ರ ಜುಲೈನಿಂದ ಲಾಡಕಿ ಬಹೀಣ ಯೋಜನೆಯ 1,500, ಎಸ್‌ಟಿ ಬಸ್ಸಿನಲ್ಲಿ 2023ರ ಮಾರ್ಚ್ 17ರಿಂದ ಅರ್ಧ ಟಿಕೆಟ್. ಮೇಲ್ನೋಟಕ್ಕೆ ಅಕ್ಕನ ಮನೆ ಮುಂದೆ. ಆದರೆ ಗೃಹಲಕ್ಷ್ಮಿ ಯಜಮಾನಿ ಒಬ್ಬಳಿಗೇ. ಲಾಡಕಿ ಬಹೀಣ, ಆದಾಯ ಎರಡೂವರೆ ಲಕ್ಷದೊಳಗಿದ್ದರೆ, ಒಂದು ಕುಟುಂಬದಲ್ಲಿ ಇಬ್ಬರವರೆಗೆ, ವಿವಾಹಿತೆಯೊಬ್ಬಳಿಗೂ ಅವಿವಾಹಿತೆಯೊಬ್ಬಳಿಗೂ ಸಲ್ಲುತ್ತದೆ. ಇಪ್ಪತ್ತೊಂದು ದಾಟಿದ, ಮದುವೆಯಾಗದ ಹೆಣ್ಣುಮಗಳು ಮನೆಯಲ್ಲಿದ್ದರೆ ತಂಗಿಯ ಮನೆಗೆ ತಿಂಗಳಿಗೆ 3,000. ಆಗ ವಿದ್ಯುತ್ ಬಿಲ್ಲನ್ನು ಹಿಡಿದುಕೊಂಡು ಎರಡೂ ಮನೆಯ ಕೂಡು-ಕಳೆ ಮತ್ತೆ ಮಾಡಬೇಕು.

ಪೆಟ್ರೋಲಿನ ಅಂತರ ಹಳೆಯ ಮಾತಾಗುತ್ತಿದೆ. ಕೊಗನೊಳ್ಳಿ ಕಡೆಯ ಬಂಕುಗಳಿಗೆ ಮಹಾರಾಷ್ಟ್ರದ ಗಾಡಿಗಳು ಬಂದು ಟ್ಯಾಂಕ್ ತುಂಬಿಸಿಕೊಳ್ಳುವುದು ರೂಢಿಯಾಗಿತ್ತು. 2024ರ ಜೂನ್ 15ರಂದು ಕರ್ನಾಟಕ ಮಾರಾಟ ತೆರಿಗೆ ಏರಿಸಿ ಲೀಟರಿಗೆ ಮೂರು ರೂಪಾಯಿ ಹೆಚ್ಚಿಸಿದ ಮೇಲೆ ಆ ಲಾಭ ಬಹಳಷ್ಟು ಕರಗಿತು.

ಶಾಲೆಯ ವಿಷಯಕ್ಕೆ ಬಂದರೆ ಈ ಹೋಲಿಕೆಗಳು ಅಷ್ಟು ಸರಳವಾಗಿ ನಿಲ್ಲುವುದಿಲ್ಲ. 2025ರಲ್ಲಿ ಮಹಾರಾಷ್ಟ್ರದ ಹತ್ತನೆಯ ತರಗತಿಯ ಫಲಿತಾಂಶ ಶೇ 94.10. ಕರ್ನಾಟಕದ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14. ಗಡಿಯ ಆಚೆಯ ಮಕ್ಕಳು ಅಷ್ಟು ಜಾಣರು, ಈಚೆಯವರು ಅಷ್ಟು ದಡ್ಡರು ಎಂದು ಯಾರಾದರೂ ಓದಿಕೊಂಡರೆ ಅದು ಮಕ್ಕಳಿಗೆ ಮಾಡುವ ಅನ್ಯಾಯ. ಕರ್ನಾಟಕದ್ದೇ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕ ಕೊಟ್ಟರೂ ಅದು ಶೇ 73.40ಕ್ಕೆ ಇಳಿಯಿತು. ಮಗುವಿನ ಕಲಿಕೆಗಿಂತ ಪರೀಕ್ಷೆ ನಡೆಸುವ ರೀತಿಯನ್ನೇ ಈ ಅಂಕಿಗಳು ಹೆಚ್ಚು ಹೇಳುತ್ತವೆ. ಸಾಕ್ಷರತೆಯ ಅಂಕಿಯನ್ನು ಮಾತ್ರ ಹೀಗೆ ತಳ್ಳಿಹಾಕಲಾಗದು: 2011ರಲ್ಲಿ ಕೊಲ್ಹಾಪುರ ಜಿಲ್ಲೆಯದು ಶೇ 81.51, ಬೆಳಗಾವಿಯದು ಶೇ 73.48. ಈ ಎಂಟು ಅಂಶದ ಅಂತರದಲ್ಲಿ 1917ರ ಕಡ್ಡಾಯ ಶಿಕ್ಷಣದ ಪಾಲು ಇದೆ ಎಂದು ನಂಬಲು ಕಾರಣವಿದೆ.

ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮ ಶಾಲೆಗಳಿವೆ. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಅವು ಹೆಚ್ಚಾಗಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರಗಳಲ್ಲಿವೆ; ಕೊಲ್ಹಾಪುರ ಜಿಲ್ಲೆಯಲ್ಲಿ ವಿರಳ. 2020ರ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ, ಕರ್ನಾಟಕದಲ್ಲಿ 2015ರ ಕಾಯ್ದೆಯಿಂದ ಕನ್ನಡ ಕಡ್ಡಾಯವಾದ ಹಾಗೆ. ನೆಲದ ಭಾಷೆ ಕಲಿಯುವುದು ಮಗುವಿಗೆ ಒಳ್ಳೆಯದೇ. ಕಷ್ಟ ಇರುವುದು ಮುಂದಿನ ಮೆಟ್ಟಿಲಿನಲ್ಲಿ: ಹಳ್ಳಿಯ ಕನ್ನಡ ಶಾಲೆ ಮುಗಿದ ಮೇಲೆ ಹತ್ತಿರದ ಹೈಸ್ಕೂಲು ಮರಾಠಿಯದು. ಆದ್ದರಿಂದ ತಾಯ್ತಂದೆ ಮೊದಲೇ ಮರಾಠಿಗೋ ಇಂಗ್ಲಿಷಿಗೋ ಹಾಕಿಬಿಡುತ್ತಾರೆ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ನಿಯಮ ಕೆಲಸ ಮಾಡುತ್ತದೆ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಅರ್ಹತೆ ಬೇಕಾದರೆ ಸಾಮಾನ್ಯವಾಗಿ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅದಕ್ಕೊಂದು ವಿನಾಯಿತಿ ಇದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಗಡಿನಾಡ ವಿದ್ಯಾರ್ಥಿಗಳ ಕಲಮಿನಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಜೊತೆಗೆ ಮಹಾರಾಷ್ಟ್ರದ ನಾಲ್ಕು ತಾಲೂಕುಗಳ ಹೆಸರಿದೆ: ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಮತ್ತು ಗಡಹಿಂಗ್ಲಜ. ಈ ತಾಲೂಕುಗಳಲ್ಲಿ ನೆಲೆಸಿ ಓದಿದವರು, ಸಿಇಟಿ ನಡೆಸುವ ಪ್ರಾಧಿಕಾರದ 50 ಅಂಕದ ಕನ್ನಡ ಪರೀಕ್ಷೆಯಲ್ಲಿ ಕನಿಷ್ಠ 12 ಅಂಕ ಪಡೆದರೆ, ಅರ್ಹರು. ಮಹಾರಾಷ್ಟ್ರವೂ ತನ್ನ ಪ್ರವೇಶ ನಿಯಮಗಳಲ್ಲಿ ವಿವಾದಿತ ಗಡಿಭಾಗದ ಮರಾಠಿ ಮಾತೃಭಾಷೆಯ ವಿದ್ಯಾರ್ಥಿಗಳಿಗೆ 'ಇ' ಎಂಬ ವರ್ಗ ಇಟ್ಟಿದೆ; ತಾನು ಕೇಳುತ್ತಿರುವ 865 ಹಳ್ಳಿಗಳಿಗೆ 2023ರಲ್ಲಿ ಆರೋಗ್ಯ ವಿಮೆಯನ್ನೂ ವಿಸ್ತರಿಸಿತು.

2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ಗಡಿ ದಾವೆಯಲ್ಲಿ ಎರಡೂ ರಾಜ್ಯಗಳು ಪರಸ್ಪರ ಎದುರಾಳಿಗಳು. ಆ ಜಗಳದ ನಕ್ಷೆಯೇ ಮಕ್ಕಳ ಸೀಟಿನ ನಕ್ಷೆಯೂ ಆಗಿರುವುದು ಸರಿಯಲ್ಲ. ಗಡಹಿಂಗ್ಲಜದ ಹೆಸರು ಪಟ್ಟಿಯಲ್ಲಿದೆ, ಸರಿ. ಇಚಲಕರಂಜಿ ಇರುವ ಹಾತಕಣಂಗಲೆ ತಾಲೂಕಿನ ಹೆಸರಿಲ್ಲ, ಪಕ್ಕದ ಶಿರೋಳವೂ ಇಲ್ಲ. ನಲವತ್ತು ಎಕರೆ ಕಬ್ಬಿರುವ ಗಡಹಿಂಗ್ಲಜದ ಕನ್ನಡಿಗನ ಮಗನಿಗೆ ಈ ಕಲಮಿನಲ್ಲಿ ಅರ್ಜಿ ಹಾಕಲು ದಾರಿ ಇದೆ. ಬಾಗಲಕೋಟೆಯಿಂದ ಬಂದು ಇಚಲಕರಂಜಿಯ ಬಾಡಿಗೆ ಕೋಣೆಯಲ್ಲಿ ಬೆಳೆದ, ಮೀಟರಿನ ಲೆಕ್ಕದಲ್ಲಿ ದುಡಿಯುವ ಕಾರ್ಮಿಕನ ಮಗಳಿಗೆ ಇಲ್ಲ. ಯಾರಿಗೆ ನೆರವು ಹೆಚ್ಚು ಬೇಕೋ ಅವರನ್ನೇ ಈ ಪಟ್ಟಿ ಹೊರಗಿಟ್ಟಿದೆ.

ಹಾಗಾದರೆ ಯಾವ ಊರು ಮೇಲು? ಓದಿಗೆ ಮತ್ತು ಕಾರ್ಖಾನೆಯ ನೌಕರಿಗೆ ಕೊಲ್ಹಾಪುರ, ಇಂದೇ ಬೇಕಾದ ಕೂಲಿಗೆ ಇಚಲಕರಂಜಿ, ಹೊಲವಿದ್ದವರ ನೆಮ್ಮದಿಗೆ ಗಡಹಿಂಗ್ಲಜ. ಹೊಲವೂ ಇಲ್ಲದ, ಓದೂ ಇಲ್ಲದ ಕುಟುಂಬಕ್ಕೆ ನಿಜವಾದ ಆಯ್ಕೆ ಇರುವುದು ಒಂದೇ, ಅದು ಇಚಲಕರಂಜಿ. ಅಲ್ಲಿನ ನೀರು ಮತ್ತು ಶಾಲೆಗಳೇ ಎಲ್ಲಕ್ಕಿಂತ ಹಿಂದೆ ಬಿದ್ದಿವೆ. ಹಾತಕಣಂಗಲೆ ಮತ್ತು ಶಿರೋಳವನ್ನು ಗಡಿನಾಡ ಪಟ್ಟಿಗೆ ಸೇರಿಸುವ ಕೆಲಸವನ್ನು ಕರ್ನಾಟಕ ಸರ್ಕಾರ ಕೈಗೆತ್ತಿಕೊಳ್ಳಬೇಕು. ಕನ್ನಡ ಶಾಲೆ ಮುಗಿಸಿದ ಮಕ್ಕಳಿಗೆ ಹೈಸ್ಕೂಲಿನ ವ್ಯವಸ್ಥೆ ಮಾಡುವುದು ಮಹಾರಾಷ್ಟ್ರ ಸರ್ಕಾರದ ಹೊಣೆ.

ಅಲ್ಲಿಯವರೆಗೆ, ಕೆಲಸಕ್ಕಾಗಿ ಗಡಿ ದಾಟುವ ಮನೆಗಳು ಒಂದು ಎಚ್ಚರ ವಹಿಸುವುದು ಒಳ್ಳೆಯದು. ಮಗುವಿನ ಶಾಲೆ ಬದಲಿಸುವ ಮುನ್ನ ಏಳು ವರ್ಷದ ಲೆಕ್ಕ ಹಾಕಿ. ಪ್ರತಿ ಶಾಲೆಯಿಂದಲೂ, ಯಾವ ತರಗತಿಯಿಂದ ಯಾವ ತರಗತಿಯವರೆಗೆ ಎಂದು ಸ್ಪಷ್ಟವಾಗಿ ಬರೆಸಿದ ವ್ಯಾಸಂಗ ಪ್ರಮಾಣಪತ್ರ ತೆಗೆದುಕೊಂಡು, ಕರ್ನಾಟಕದ ಶಾಲೆಯದಾದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಿ ಇಟ್ಟುಕೊಳ್ಳಿ.